ಇಬ್ಬರೂ ನೋಡಿದ ಹಕ್ಕಿ ಮಾತ್ರ

ನನ್ನ ಅತ್ತಿಗೆಯ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲು ಎಷ್ಟು ಬಂತು, ಗ್ಯಾಸ್ ಸಿಲಿಂಡರ್ ಯಾವತ್ತು ಬದಲಾಯಿಸಿದ್ದು ಎಂಬುದರ ಜೊತೆಗೆ ಭಾನುವಾರದ ಚೌಕಗಳಲ್ಲಿ ಹಕ್ಕಿಗಳ ಹೆಸರುಗಳೂ ಇರುತ್ತವೆ. ಗುಳುಮುಳುಕ, ನಾಮದ ಕೋಳಿ, ಮಿಂಚುಳ್ಳಿ. ಪೆನ್ಸಿಲ್ಲಿನಲ್ಲಿ, ಚೌಕದೊಳಗೆ ಹಿಡಿಸುವಷ್ಟು ಸಣ್ಣ ಅಕ್ಷರದಲ್ಲಿ. ವರ್ಷ ಮುಗಿದ ಮೇಲೆ ಆ ಹಾಳೆಗಳನ್ನು ಕತ್ತರಿಸಿ ಡಬ್ಬಗಳ ಕೆಳಗೆ ಹಾಸುತ್ತಾರೆ. ಹಾಗಾಗಿ ನಾವಿಬ್ಬರೂ ಇಷ್ಟು ವರ್ಷ ನೋಡಿದ ಹಕ್ಕಿಗಳಿಗೆ ಆಧಾರ ಎಂದು ತೋರಿಸಲು ಹೆಚ್ಚೇನೂ ಉಳಿದಿಲ್ಲ. ಸಾಸಿವೆ ಡಬ್ಬ ಎತ್ತಿದರೆ ಒಂದು ಹಳೆಯ ಮಾರ್ಚ್ ತಿಂಗಳು ಸಿಕ್ಕೀತು, ಅದೂ ಎಣ್ಣೆ ಕುಡಿದು.

ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದ ನನಗಾದ ಲಾಭವೋ ನಷ್ಟವೋ, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ದಿನಚರಿಯೂ ಸಂಜೆ ಕೂತು ಬರೆದದ್ದೇ ತಾನೆ? ಅಷ್ಟರೊಳಗೆ ಬೆಳಗು ಎಷ್ಟೋ ಬದಲಾಗಿಬಿಟ್ಟಿರುತ್ತದೆ. ಇದನ್ನೇ ನೋಡಿ: ಕೆರೆಗೆ ಹೋಗೋಣ ಎಂದು ಮೊದಲು ಹೇಳಿದವರು ನಮ್ಮಿಬ್ಬರಲ್ಲಿ ಯಾರು? ಅತ್ತಿಗೆಗೆ ಸಕ್ಕರೆ ಕಾಯಿಲೆ ಶುರುವಾಗಿ ಡಾಕ್ಟರು ನಡೆಯಲು ಹೇಳಿದ್ದರು. ಗೋವಿಂದರಾಜನಗರದಲ್ಲಿ ಅವರ ಮನೆಯ ಸುತ್ತ ನಡೆಯಹೋದರೆ ಪ್ರತಿ ಗೇಟಿನಲ್ಲೂ ನಿಲ್ಲಿಸಿ ಮಾತಾಡಿಸುವವರೇ. ಅದಕ್ಕೇ ಸ್ಕೂಟರಿನಲ್ಲಿ ಬಂದು ಎಲ್ಲಾದರೂ ದೂರ ಕರೆದುಕೊಂಡು ಹೋಗು ಎಂದು ಅವರು ಕೇಳಿದರು ಎಂಬುದು ನನ್ನ ನೆನಪು. ಒಂದು ಭಾನುವಾರ ನಾನೇ ಬಸವೇಶ್ವರನಗರದಿಂದ ಬಂದು, ಅವರ ಮನೆ ಮುಂದೆ ಹಾರ್ನ್ ಹೊಡೆದು, ಒಬ್ಬಳೇ ಹೋಗಲು ಬೇಜಾರು ಎಂದು ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದೆ ಎಂಬುದು ಅವರ ನೆನಪು. ಎರಡೂ ನಿಜವಿರಬಹುದು. ಬೇರೆ ಬೇರೆ ಭಾನುವಾರಗಳೂ ಇರಬಹುದು.

ನಾವು ಹೋಗುತ್ತಿದ್ದ ಜಾಗಗಳೇನೂ ದೊಡ್ಡವಲ್ಲ. ನಾಗರಬಾವಿಯ ಆಚೆ ಯೂನಿವರ್ಸಿಟಿ ಕ್ಯಾಂಪಸ್ಸಿನ ಕಾಡು, ಉಲ್ಲಾಳದ ಕೆರೆ ಏರಿ, ಬರಬರುತ್ತಾ ಹೆಚ್ಚಾಗಿ ಕೆಂಗೇರಿ ಕಡೆಯ ಒಂದು ಸಣ್ಣ ಕೆರೆ. ಅದಕ್ಕೀಗ ಬೇಲಿ ಬಂದಿದೆ, ನಡೆಯಲು ಕಲ್ಲು ಹಾಸಿದ ದಾರಿ ಬಂದಿದೆ, ಕೈಕಾಲು ಆಡಿಸುವ ಕಬ್ಬಿಣದ ಸಲಕರಣೆ ಬಂದಿದೆ, ಗಣೇಶನನ್ನು ಬಿಡಲು ಬೇರೆಯದೇ ಕಲ್ಯಾಣಿಯಾಗಿದೆ. ಮಳೆನೀರಿನ ಕಾಲುವೆ ಬಂದು ಸೇರುವ ಮೂಲೆಯಲ್ಲಿ ಮಾತ್ರ ಹಳೆಯ ಜೊಂಡು ಹಾಗೇ ಉಳಿದಿದೆ. ಆಳೆತ್ತರದ ಹುಲ್ಲು, ಕಪ್ಪು ಕೆಸರು, ಮೂಗು ಮುಚ್ಚಿಸುವ ವಾಸನೆ. ವಾಕಿಂಗಿಗೆ ಬಂದವರು ಕರ್ಚೀಫು ಹಿಡಿದು ಬೇಗ ಬೇಗ ದಾಟಿಹೋಗುತ್ತಾರೆ. ನಾವು ಅಲ್ಲೇ ನಿಲ್ಲುತ್ತೇವೆ, ಏಕೆಂದರೆ ಹಕ್ಕಿಗಳಿಗೆ ಆ ಮೂಲೆಯೇ ಇಷ್ಟ.

ಒಮ್ಮೆ ಒಬ್ಬ ಹೆಂಗಸು ಮೂಗು ಹಿಡಿದುಕೊಂಡೇ ಕೇಳಿದರು, "ಏನ್ ಆಂಟಿ, ಹೋಗಿ ಹೋಗಿ ಮೋರಿ ಹತ್ರ ನಿಂತಿದೀರಲ್ಲ?"

"ಗಾಳಿ ತಗೊಳ್ತಾ ಇದೀವಿ. ಬನ್ನಿ, ನೀವೂ ನಿಂತ್ಕೊಳ್ಳಿ," ಎಂದರು ಅತ್ತಿಗೆ.

ಹಕ್ಕಿಯನ್ನು ಮೊದಲು ಕಾಣುತ್ತಿದ್ದವರು ಯಾವಾಗಲೂ ಅತ್ತಿಗೆಯೇ. ಇದರಲ್ಲಿ ಮಾತ್ರ ನಮ್ಮಿಬ್ಬರ ನೆನಪಿಗೂ ತಕರಾರಿಲ್ಲ. ಕೈ ಎತ್ತಿ ತೋರಿಸಿದರೆ ಹಕ್ಕಿ ಹೆದರುತ್ತದೆ ಎಂದು ಅವರು ಕೈ ಎತ್ತುತ್ತಿರಲಿಲ್ಲ, ಬಾಯಲ್ಲೇ ದಾರಿ ಹೇಳುತ್ತಿದ್ದರು. ಅಳತೆಗಳೆಲ್ಲ ಅಡುಗೆಮನೆಯವು. "ಆ ಬಿಳೀ ಕಲ್ಲಿಂದ ಎರಡು ಒಬ್ಬಟ್ಟು ಎಡಕ್ಕೆ. ಅಲ್ಲಿಂದ ಒಂದು ಸೌಟಿನಷ್ಟು ಮೇಲೆ." ನಾನು ಬೈನಾಕ್ಯುಲರಿನಲ್ಲಿ ತಡಕಾಡುತ್ತಿದ್ದೆ. "ಒಬ್ಬಟ್ಟು ಅಂದೆ ಕಣೇ, ಮಸಾಲೆದೋಸೆ ಅನ್ನಲಿಲ್ಲ. ಜಾಸ್ತಿ ಹೋದೆ, ಹಿಂದಕ್ಕೆ ಬಾ." ಹಿಂದಕ್ಕೆ ಬಂದರೆ ಅಲ್ಲಿ, ನೀರಿನ ಮೇಲೆ ಬಾಗಿದ ಕಡ್ಡಿಯ ತುದಿಯಲ್ಲಿ, ಮಿಂಚುಳ್ಳಿ ಕೂತಿರುತ್ತಿತ್ತು. ಕಂಡಿತು ಎಂದು ಹೇಳಲು ತಿರುಗಿದರೆ, ನನಗೆ ಕಂಡದ್ದು ಅವರಿಗೆ ಆಗಲೇ ಗೊತ್ತಾಗಿರುತ್ತಿತ್ತು. ನನ್ನ ಮುಖವನ್ನೇ ನೋಡುತ್ತಾ ನಗುತ್ತಿದ್ದರು.

ನಾವಿಬ್ಬರೂ ಆಸೆಪಟ್ಟು ಕಾದು, ಸಿಗದೇ ಉಳಿದ ಹಕ್ಕಿ ಒಂದಿತ್ತು. ಹಕ್ಕಿ ನೋಡುವವರು ಅದನ್ನು ಪೇಂಟೆಡ್ ಸ್ನೈಪ್ ಎನ್ನುತ್ತಾರೆ. ಗೌಜಲಹಕ್ಕಿಯಷ್ಟು ಗಾತ್ರ, ಉದ್ದ ಕೊಕ್ಕು, ಕಣ್ಣಿನ ಸುತ್ತ ಬಣ್ಣ ಹಚ್ಚಿ ಎಳೆದಂಥ ಬಿಳಿಯ ಗೆರೆ. ಜೊಂಡಿನ ಬುಡದಲ್ಲಿ ಅಡಗಿದ್ದು ಬೆಳಕು ಹರಿಯುವ ಮುಂಚೆ ಇಲ್ಲವೇ ಸಂಜೆ ಮಬ್ಬಿನಲ್ಲಿ ಹೊರಗೆ ಬರುತ್ತದೆ. ನಿಂತಲ್ಲೇ ಸೊಂಟ ಕುಣಿಸುತ್ತದೆ. ಅತ್ತಿಗೆಗೆ ಅದರ ಮೇಲೆ ಮನಸ್ಸಾಗಲು ಕಾರಣ ಬೇರೆ. ಆ ಜಾತಿಯಲ್ಲಿ ಬಣ್ಣ ಇರುವುದು ಹೆಣ್ಣಿಗೆ. ಗಂಡು ಮಾಸಲು. ಮೊಟ್ಟೆಗೆ ಕಾವು ಕೊಡುವುದೂ ಮರಿ ನೋಡಿಕೊಳ್ಳುವುದೂ ಗಂಡೇ. ಪುಸ್ತಕದಲ್ಲಿ ಇದನ್ನು ಓದಿ ಹೇಳಿದ ದಿನ ಅವರು ಪುಸ್ತಕವನ್ನು ನನ್ನ ಕೈಯಿಂದ ಇಸಿದುಕೊಂಡು ಅಣ್ಣನ ಮುಂದೆ ಹಿಡಿದರು.

"ರೀ, ಓದಿ ಇದನ್ನ."

ಅಣ್ಣ ಓದಿದ. "ಹೆಂಡ್ತಿ ಎಲ್ಲಿಗೆ ಹೋಗಿರ್ತಾಳಂತೆ?"

"ಕೆರೆ ನೋಡೋಕ್ಕೆ ಹೋಗಿರ್ತಾಳೆ."

ಆ ಹಕ್ಕಿ ಸಿಕ್ಕೇಬಿಟ್ಟಿತು ಎಂದು ನಾವು ನಂಬಿದ ಬೆಳಗು ಒಂದಿದೆ. ಆಗಿನ್ನೂ ಕಲ್ಯಾಣಿ ಆಗಿರಲಿಲ್ಲ, ಗೌರಿ ಗಣೇಶರೆಲ್ಲ ಕೆರೆಗೇ ಬರುತ್ತಿದ್ದರು. ಹಬ್ಬ ಕಳೆದು ಸ್ವಲ್ಪ ದಿನವಾಗಿತ್ತು. ಮಬ್ಬುಬೆಳಕಿನಲ್ಲಿ ಜೊಂಡಿನ ಬುಡದಲ್ಲಿ ಕಂದು ಬಣ್ಣದ್ದೇನೋ ಇತ್ತು, ಅದರಲ್ಲಿ ಒಂದು ದೊಡ್ಡ ಕಣ್ಣು, ಕಣ್ಣಿನ ಸುತ್ತ ಬಿಳಿ. ಅಲ್ಲಾಡುತ್ತಿರಲಿಲ್ಲ. ಹೆದರಿದಾಗ ಅದು ಕಲ್ಲಿನಂತೆ ಸ್ತಬ್ಧವಾಗಿಬಿಡುತ್ತದೆ ಎಂದು ಪುಸ್ತಕ ಹೇಳಿತ್ತಲ್ಲ, ಹಾಗಾಗಿ ಅಲ್ಲಾಡದ್ದೇ ನಮಗೆ ಸಾಕ್ಷಿಯಾಯಿತು. ಸೊಳ್ಳೆ ಕಚ್ಚಿದರೂ ಕೈ ಎತ್ತದೆ ನಿಂತೆವು. ನಡುವೆ ಒಮ್ಮೆ ಅದು ತಲೆ ಅಲ್ಲಾಡಿಸಿತು ಎಂದು ನಾನು ಪಿಸುಗುಟ್ಟಿದೆ. ಅತ್ತಿಗೆ ಇಲ್ಲ ಎಂದರು. ಅಲ್ಲಾಡಿಸಿತು, ನಾನು ನೋಡಿದೆ ಎಂದೆ. ಬಿಸಿಲು ನಿಧಾನವಾಗಿ ಜೊಂಡಿನೊಳಗೆ ಇಳಿಯಿತು.

"ಏನೇ, ಹಕ್ಕಿ ಮೂಗುಬೊಟ್ಟು ಹಾಕ್ಕೊಳ್ಳುತ್ತಾ?" ಎಂದರು ಅತ್ತಿಗೆ.

ಅರ್ಧ ಕರಗಿದ ಮಣ್ಣಿನ ಗೌರಿಯ ಮುಖ ಅದು. ಒಂದು ಕಣ್ಣು, ಮೂಗು, ಮೂಗುಬೊಟ್ಟು ಉಳಿದಿದ್ದವು. ಅತ್ತಿಗೆ ಚಪ್ಪಲಿ ಬಿಟ್ಟು ಕೈ ಮುಗಿದರು. "ತಪ್ಪಾಯ್ತಮ್ಮ, ಹಕ್ಕಿ ಅನ್ಕೊಂಡ್ಬಿಟ್ವಿ." ಆಮೇಲೆ ನನ್ನ ಭುಜ ಹಿಡಿದುಕೊಂಡು ನಗಲು ಶುರುಮಾಡಿದವರು ಸ್ಕೂಟರ್ ಹತ್ತುವ ತನಕ ನಿಲ್ಲಿಸಲಿಲ್ಲ. ಮನೆಗೆ ಹೋದ ಮೇಲೆ ನಮ್ಮ ನಿಯಮ ಹುಟ್ಟಿತು. "ಇನ್ಮೇಲೆ ಇಬ್ರೂ ನೋಡಿರ್ಬೇಕು, ಇಬ್ರೂ ಒಂದೇ ಹೇಳ್ಬೇಕು. ಆಗ ಮಾತ್ರ ಕ್ಯಾಲೆಂಡರಿಗೆ. ನಿನ್ನೊಬ್ಬಳ ಕಣ್ಣು ನಂಬಿದ್ರೆ ಗೌರಮ್ಮನ ಕೈಲೂ ಮೊಟ್ಟೆ ಇಡಿಸ್ತೀಯ."

ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ? ಮಣ್ಣಿನ ತಲೆ ಅಲ್ಲಾಡುವುದಿಲ್ಲ. ಆದರೆ ಅದು ಅಲ್ಲಾಡಿದ್ದು ಇವತ್ತಿಗೂ ನನಗೆ ಸ್ಪಷ್ಟವಾಗಿ ನೆನಪಿದೆ.

ಅತ್ತಿಗೆಯ ಕಣ್ಣಿನ ತೊಂದರೆ ಮೊದಲು ಗೊತ್ತಾದದ್ದು ಬಾಗಿಲಿನಿಂದ. ನಡುಮನೆಯ ಬಾಗಿಲಿನ ಚೌಕಟ್ಟು ಸೊಟ್ಟಗಾಗಿದೆ, ಗೆದ್ದಲು ಹಿಡಿದಿರಬೇಕು ಎಂದು ಅವರು ಹೇಳುತ್ತಲೇ ಇದ್ದರು. ಅಣ್ಣ ತಡೆಯಲಾರದೆ ಬಡಗಿಯನ್ನು ಕರೆಸಿದ. ಅವನು ದಾರ ಇಳಿಬಿಟ್ಟು ನೋಡಿ, ಚೌಕಟ್ಟು ನೇರವಾಗಿಯೇ ಇದೆ ಎಂದು ಹೇಳಿ ಹೋದ. ಅತ್ತಿಗೆ ಅವನ ಮಾತು ನಂಬಲಿಲ್ಲ. ಅಡುಗೆಮನೆಯ ಟೈಲ್ಸಿನ ಗೆರೆಗಳೂ ಅಲೆಅಲೆಯಾಗಿ ಕಾಣಲು ಶುರುವಾದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋದರು. ರೆಟಿನಾದ ನಡುಭಾಗ ಸವೆಯುತ್ತಿದೆ, ಒಂದು ಕಣ್ಣಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಶುರುವಾಗಿದೆ ಎಂದರು ಡಾಕ್ಟರು. ಪೂರ್ತಿ ಕತ್ತಲಾಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ, ಆದರೆ ನೇರವಾಗಿ ನೋಡಿದ್ದು, ಸಣ್ಣದು, ಓದುವುದು, ಸೂಜಿ ಪೋಣಿಸುವುದು ನಿಧಾನವಾಗಿ ಹೋಗುತ್ತದೆ. ಕಣ್ಣಿಗೇ ಚುಚ್ಚುವ ಇಂಜೆಕ್ಷನ್ನುಗಳು ಅದನ್ನು ಮುಂದೂಡಬಹುದು, ಅಷ್ಟೇ.

"ನೇರ ನೋಡಿದ್ರೆ ನಿನ್ನ ಮೂಗಿರೋ ಕಡೆ ಒಂದು ಮಂಕು ಉಂಡೆ ಕಣೇ," ಎಂದರು ಅತ್ತಿಗೆ ಒಂದು ದಿನ ನನ್ನ ಎದುರು ಕೂತು. "ಕಿವಿ ನೋಡಿದ್ರೆ ಮೂಗು ಸ್ವಲ್ಪ ಬರುತ್ತೆ."

"ಹಾಗಾದ್ರೆ ಕಿವೀನೇ ನೋಡಿ ಅತ್ತಿಗೆ."

"ಏನು ನೋಡೋದು, ಅದೇ ಹಳೇ ಓಲೆ."

ಅವರು ಅತ್ತದ್ದನ್ನು ನಾನು ನೋಡಿಲ್ಲ. ಒಂದೇ ಒಂದು ಆಸೆಯನ್ನು ಮಾತ್ರ ಬಾಯಿಬಿಟ್ಟು ಹೇಳಿದರು. ಕಣ್ಣು ಇಷ್ಟಾದರೂ ಇರುವಾಗ ಆ ಪೇಂಟೆಡ್ ಸ್ನೈಪನ್ನು ಒಮ್ಮೆ ನೋಡಿಬಿಡಬೇಕು.

"ಯೂಟ್ಯೂಬಲ್ಲಿ ಬೇಕಾದಷ್ಟಿದೆ, ಟಿವಿಗೆ ಹಾಕ್ಕೊಡ್ತೀನಿ," ಎಂದ ಅಣ್ಣ. ಅವನಿಗೆ ಹೆಂಡತಿಯನ್ನು ಕೆರೆಯ ಒದ್ದೆ ಕಲ್ಲುಗಳ ಮೇಲೆ ಕಳಿಸಲು ಭಯ.

"ನಿಮ್ಮನ್ನೂ ಯೂಟ್ಯೂಬಲ್ಲೇ ನೋಡಿ ಮದುವೆ ಆಗ್ಬೇಕಿತ್ತು ನಾನು," ಎಂದು ಅತ್ತಿಗೆ ಟೋಪಿ ಹಾಕಿಕೊಂಡರು.

ಹೀಗೆ ನಮ್ಮ ಭಾನುವಾರಗಳು ತಿರುಗುಮುರುಗಾದವು. ಈಗ ದಾರಿ ಹೇಳಬೇಕಾದವಳು ನಾನು. ನನ್ನ ಕಣ್ಣು ನಿಧಾನ, ಬಾಯಿ ಇನ್ನೂ ನಿಧಾನ. ನಾನು ಒಬ್ಬಟ್ಟು, ಸೌಟು ಎಂದು ಹುಡುಕಿಕೊಂಡು ಹೇಳುವಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು. ಅತ್ತಿಗೆ ಬೈನಾಕ್ಯುಲರನ್ನು ಕೊರಳಿಗೆ ಹಾಕಿಕೊಂಡೇ ಬರುತ್ತಿದ್ದರು, ಎತ್ತಿ ಹಿಡಿಯುತ್ತಿದ್ದರು, ಆದರೆ ಅದರೊಳಗಿನ ಸಣ್ಣ ವೃತ್ತದ ನಡುಭಾಗವೇ ಅವರಿಗೆ ಇಲ್ಲ. ಬೆಳ್ಳಕ್ಕಿ, ನೀರುಕಾಗೆಯಂಥ ದೊಡ್ಡವು ಬರಿಗಣ್ಣಿಗೆ ಓರೆಯಲ್ಲಿ ಸಿಗುತ್ತಿದ್ದವು. ಅವಷ್ಟೇ ಕ್ಯಾಲೆಂಡರಿಗೆ ಹೋಗುತ್ತಿದ್ದವು, ಅದೂ ನನ್ನ ಕೈಬರಹದಲ್ಲಿ. ಪಕ್ಕದಲ್ಲಿ ಹಾದುಹೋದ ಮಿಂಚುಳ್ಳಿಯನ್ನು ನಾನು ನೋಡಿಯೂ ನೋಡದವಳಂತೆ ಸುಮ್ಮನಿದ್ದ ದಿನಗಳುಂಟು. ಅವರು ಪಕ್ಕದಲ್ಲೇ ನಿಂತಿರುವಾಗ ಅವರು ಇಲ್ಲದ ಹಾಗೆ ಬೇಸರವಾಗುತ್ತಿತ್ತು. ಎರಡು ಒಬ್ಬಟ್ಟು ಎಡಕ್ಕೆ ಎನ್ನುವ ದನಿ ಬೇಕು ಎನಿಸುತ್ತಿತ್ತು. ಪಕ್ಕದಲ್ಲಿರುವವರನ್ನೇ ಹೀಗೆ ಬಯಸುವುದಕ್ಕೆ ಕನ್ನಡದಲ್ಲಿ ಒಂದು ಪದವಿದೆಯೇ? ನನಗೆ ತಿಳಿಯದು.

ಒಮ್ಮೆ ದೊಡ್ಡ ಕ್ಯಾಮೆರಾ ಹೊತ್ತ ಇಬ್ಬರು ಹುಡುಗರು ನಮ್ಮ ಮೂಲೆಗೆ ಬಂದರು.

"ಆಂಟಿ, ಇಲ್ಲಿ ಪೇಂಟೆಡ್ ಸ್ನೈಪ್ ಬರುತ್ತಂತಲ್ಲ, ನೋಡಿದ್ರಾ?"

"ಇಲ್ಲಪ್ಪ. ನೀವು?"

"ಹೋದ ವಾರ ಸಿಕ್ತು ಆಂಟಿ, ಇಲ್ಲೇ." ಒಬ್ಬ ಕ್ಯಾಮೆರಾದ ಪರದೆ ಹೊತ್ತಿಸಿ ಅತ್ತಿಗೆಯ ಮುಂದೆ ಹಿಡಿದ. "ನೋಡಿ, ಫೀಮೇಲು. ಜೂಮ್ ಮಾಡ್ಲಾ?"

ಅತ್ತಿಗೆ ಕಣ್ಣು ಮುಚ್ಚಿಕೊಂಡರು. "ಬೇಡ ಕಣಪ್ಪ. ಅದರಲ್ಲಿ ನೋಡ್ಬಿಟ್ರೆ, ಆಮೇಲೆ ಇಲ್ಲಿ ಅರ್ಧಂಬರ್ಧ ಕಂಡಿದ್ದನ್ನೂ ಪೂರ್ತಿ ಕಂಡೆ ಅನ್ಕೊಂಡ್ಬಿಡ್ತೀನಿ."

ಹುಡುಗ ಇನ್ನೊಬ್ಬನ ಕಡೆ ನೋಡಿದ. ಇವರು ಏನು ಹೇಳಿದರೆಂದು ಅವರಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ. ನನಗೆ ಅರ್ಥವಾಯಿತು. ಅದು ನನ್ನದೇ ಭಯ, ಅವರ ಬಾಯಲ್ಲಿ.

ಹೋದ ಕಾರ್ತಿಕದ ಒಂದು ಭಾನುವಾರ. ಬೆಳಗಿನ ಜಾವ ಮಳೆ ಬಂದು ನಿಂತಿತ್ತು. ಮೋಡ ಕವಿದು ಬೆಳಕು ತಡವಾಗಿತ್ತು, ವಾಕಿಂಗಿನವರೂ ಬಂದಿರಲಿಲ್ಲ. ನಾವು ಬೇಲಿಯ ಹತ್ತಿರ ನಿಂತಿದ್ದೆವು. ಕಾಲುವೆಯ ಸಿಮೆಂಟ್ ಪೈಪು ಕೆರೆಗೆ ತೆರೆಯುವ ಕಡೆ, ಜೊಂಡಿನ ಬುಡದಿಂದ ಒಂದು ಹಕ್ಕಿ ಕೆಸರಿಗೆ ಕಾಲಿಟ್ಟಿತು. ನಾನು ಉಸಿರು ಬಿಡದೆ ಹೇಳಿದೆ, "ಅತ್ತಿಗೆ, ಪೈಪಿನ ಬಾಯಿ. ಅಲ್ಲಿಂದ ಒಂದು ಮೊರದಷ್ಟು ಬಲಕ್ಕೆ. ಜೊಂಡಿನ ಬುಡ."

ಈ ಸಲ ಅಳತೆ ತಾನಾಗಿಯೇ ಬಾಯಿಗೆ ಬಂದಿತ್ತು.

ಅವರು ಅಭ್ಯಾಸದಂತೆ ಬೈನಾಕ್ಯುಲರ್ ಎತ್ತಿದರು, ಇಳಿಸಿದರು. ಆಮೇಲೆ ಮುಖವನ್ನು ಪೈಪಿನಿಂದ ಆಚೆಗೆ, ನಾನಿದ್ದ ಎಡಕ್ಕೆ ತಿರುಗಿಸಿದರು. ಏನನ್ನಾದರೂ ನೋಡಬೇಕಾದರೆ ಅವರೀಗ ಅದರಿಂದ ಮುಖ ತಿರುಗಿಸಬೇಕು.

"ಹೇಳ್ತಾ ಇರು."

"ನಡೀತಾ ಇದೆ. ನಿಂತ್ಕೊಂಡ್ತು. ಕೊಕ್ಕು ಕೆಸರಲ್ಲಿ. ಹಿಂಭಾಗ ಕುಣಿಸ್ತಾ ಇದೆ."

"ಕಪ್ಪಗೆ ಏನೋ ಇದೆ. ಅದಾ?"

"ಅದು ಕಲ್ಲು. ಅದರ ಬಲಕ್ಕೆ."

"ಎಷ್ಟು?"

"ಒಂದು ಇಡ್ಲಿ."

ಅವರು ಮುಖವನ್ನು ಇನ್ನಷ್ಟು ತಿರುಗಿಸಿದರು, ಗಲ್ಲ ಎತ್ತಿದರು, ತಗ್ಗಿಸಿದರು. ತುಟಿ ಬಿಗಿದಿತ್ತು. ಟೋಪಿಯ ಅಂಚಿನಿಂದ ಒಂದು ಹನಿ ಇಳಿದು ಕೆನ್ನೆಯ ಮೇಲೆ ಹೋಯಿತು, ಅವರು ಒರೆಸಿಕೊಳ್ಳಲಿಲ್ಲ. ನಾನು ಮತ್ತೆ ಪೈಪಿನ ಕಡೆ ತಿರುಗುವಷ್ಟರಲ್ಲಿ ಜೊಂಡು ಮುಚ್ಚಿಕೊಂಡಿತ್ತು.

"ಹೋಯ್ತಾ?"

"ಹೋಯ್ತು."

ಬೆಳಕು ಪೂರ್ತಿ ಆಗುವ ತನಕ ನಿಂತೆವು. ಹುಂಡುಕೋಳಿಯೊಂದು ಬಂತು, ಹೋಯಿತು. ಕೊನೆಗೆ ನಾನೇ ಕೇಳಿದೆ, "ಕುಣಿಸಿದ್ದು ಗೊತ್ತಾಯ್ತಲ್ವಾ ನಿಮಗೆ?"

ಹೂಂ ಎನ್ನಲಿ ಎಂದು ಎಷ್ಟು ಬಯಸಿದೆನೆಂದರೆ, ನನ್ನ ದನಿ ನನಗೇ ಕೇಳಿಸಿತು.

"ಏನೋ ಅಲ್ಲಾಡ್ತು," ಎಂದರು. "ಜೊಂಡೂ ಅಲ್ಲಾಡುತ್ತೆ."

"ಕ್ಯಾಲೆಂಡರಿಗೆ ಬರೀಲಾ?"

"ಬೇಡ."

ಮನೆಗೆ ಬಂದಾಗ ಅಣ್ಣ ಪೇಪರಿನಿಂದ ತಲೆ ಎತ್ತಿ ಕೇಳಿದ, "ಸಿಕ್ತಾ ನಿಮ್ಮ ಹಕ್ಕಿ?"

"ಅವಳಿಗೆ ಸಿಕ್ತು," ಎಂದರು ಅತ್ತಿಗೆ ಚಪ್ಪಲಿ ಬಿಡುತ್ತಾ. "ನಂಗಿಲ್ಲ."

ಅಣ್ಣ ನನ್ನ ಕಡೆ ನೋಡಿದ. ಆಮೇಲೆ ಎದ್ದುಹೋಗಿ, ಹೆಂಡತಿಯ ಒದ್ದೆ ಟೋಪಿಯನ್ನು ಬಾಲ್ಕನಿಯಲ್ಲಿ ಒಣಹಾಕಿ ಬಂದ.

ಅತ್ತಿಗೆ ಹಂಚಿನ ಮೇಲೆ ದೋಸೆ ಹುಯ್ದರು. ಅದಕ್ಕೆ ಅವರಿಗೆ ಕಣ್ಣು ಬೇಡ, ಚುಯ್ ಎನ್ನುವ ಸದ್ದು ಸಾಕು. ನಾನು ಕ್ಯಾಲೆಂಡರಿನ ಮುಂದೆ ನಿಂತು ಹುಂಡುಕೋಳಿ, ಬೆಳ್ಳಕ್ಕಿ ಎಂದು ಬರೆದೆ. ಹುಂಡುಕೋಳಿಯ ಬಿಳಿ ಎದೆ ತಮಗೂ ಕಂಡಿತ್ತು ಎಂದು ಅವರೇ ಹೇಳಿದ್ದರು.

"ಹೇಗಿತ್ತು, ಹೇಳು," ಎಂದರು ಬೆನ್ನು ಮಾಡಿಕೊಂಡೇ.

"ಕಣ್ಣಿನ ಸುತ್ತ ಬಿಳೀ ಗೆರೆ ಇತ್ತು ಅತ್ತಿಗೆ. ಕೊರಳೆಲ್ಲ ಮರೂನು..."

"ಪುಸ್ತಕದಲ್ಲಿರೋದು ಬೇಡ. ನೀನು ನೋಡಿದ್ದು ಹೇಳು."

ಬಿಳಿಯ ಗೆರೆಯನ್ನು ನಾನು ನೋಡಿದೆನೇ? ಕೊರಳಿನ ಬಣ್ಣವನ್ನು? ಕೆಸರು, ಉದ್ದನೆಯ ಕೊಕ್ಕು, ಕುಣಿಯುವ ಹಿಂಭಾಗ, ಇಷ್ಟರ ಮೇಲೆ ಆಣೆ ಇಡಬಲ್ಲೆ. ಉಳಿದದ್ದಕ್ಕೆ ಇಲ್ಲ. ಆ ಬೆಳಗಿನಿಂದ ನನ್ನಲ್ಲಿ ಸ್ಪಷ್ಟವಾಗಿ ಉಳಿದಿರುವುದು ಬಿಗಿದ ತುಟಿ, ಎತ್ತಿದ ಗಲ್ಲ, ಕೆನ್ನೆಯ ಮೇಲಿನ ಹನಿ. ಇಷ್ಟು ವರ್ಷ ಕಾದ ಹಕ್ಕಿ ಕೆಲವೇ ಕ್ಷಣ ಹೊರಗಿತ್ತು, ಅದರಲ್ಲಿ ಬಹುಪಾಲನ್ನು ನಾನು ಅತ್ತಿಗೆಗೆ ಕಂಡಿತೇ ಎಂದು ಅವರ ಮುಖ ನೋಡುವುದರಲ್ಲೇ ಕಳೆದಿದ್ದೆ.

"ನನ್ನ ನೋಡ್ತಿದ್ದೆ ನೀನು," ಎಂದರು ಅತ್ತಿಗೆ ದೋಸೆ ಮಗುಚುತ್ತಾ. "ನಂಗೆ ಗೊತ್ತು. ಹಕ್ಕಿ ಕಡೆ ಓರೆ ಹಿಡಿದ್ರೆ ಅದು ಸಿಗಲಿಲ್ಲ, ಈ ಕಡೆ ಓರೆಗೆ ನಿನ್ನ ಮುಖ ಮಾತ್ರ ಚೆನ್ನಾಗಿ ಬಂತು. ಬಾಯಿ ಬಿಟ್ಕೊಂಡು ನಿಂತಿದ್ದೆ."

"ನಿಮಗೆ ಕಾಣ್ಲಿ ಅಂತ..."

"ನನ್ನ ಮುಖದಲ್ಲಿ ಹಕ್ಕಿ ಇತ್ತೇನೇ? ಇನ್ನೊಂದ್ಸಲ ಬಂದ್ರೆ ಅದನ್ನ ನೋಡು. ಕಣ್ಣು, ಕಾಲು, ಎಲ್ಲ ಸರಿಯಾಗಿ ನೋಡಿ ಹೇಳು. ನಾನೇನು ಎಲ್ಲೂ ಓಡಿಹೋಗಲ್ಲ." ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ತಿನ್ನು, ಆರೋಗುತ್ತೆ."

ಅವತ್ತಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಆ ಹಕ್ಕಿ ಮತ್ತೆ ಬಂದಿಲ್ಲ. ನಾನು ಬೇರೆ ಹಕ್ಕಿಗಳ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಇಷ್ಟು ವರ್ಷ ಹಕ್ಕಿ ಕಂಡ ತಕ್ಷಣ ಪಕ್ಕಕ್ಕೆ ತಿರುಗಿದ ಕುತ್ತಿಗೆ ಇದು, ಸುಲಭಕ್ಕೆ ಮಾತು ಕೇಳುವುದಿಲ್ಲ. ಮೊನ್ನೆ ಮಿಂಚುಳ್ಳಿಯೊಂದು ಪೈಪಿನ ಮೇಲೆ ಬಂದು ಕೂತಿತು. ನಾನು ಬೈನಾಕ್ಯುಲರ್ ಇಳಿಸದೆ ಹೇಳುತ್ತಾ ಹೋದೆ: ಕೊಕ್ಕಿನ ಬುಡ ಸ್ವಲ್ಪ ಕೆಂಪಗಿದೆ, ಕಾಲಿನ ಮೇಲೆ ಕೆಸರು ಮೆತ್ತಿದೆ, ಬೆನ್ನಿನ ನೀಲಿ ಕತ್ತು ತಿರುಗಿಸಿದಾಗ ಹಸಿರಾಗುತ್ತಿದೆ. ಅತ್ತಿಗೆ ಪಕ್ಕದಲ್ಲಿ ನಿಂತು "ಹೂಂ," ಎನ್ನುತ್ತಿದ್ದರು, ಸ್ವಲ್ಪ ಸುಮ್ಮನಾದರೆ "ಆಮೇಲೆ?" ಎನ್ನುತ್ತಿದ್ದರು. ಹಾಗೆ ಕೇಳುವಾಗ ಅವರ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ನಾನು ಹಕ್ಕಿಯನ್ನು ನೋಡುತ್ತಿದ್ದೆ.